ಬಕೆಟ್ಟಿಗೆ ಉಡಿ ತುಂಬಿದ್ದು

ಮಾನ್ವಿಯಲ್ಲಿ ನಾವು ಸ್ವಂತ ಮನೆಗೆ ಪಾಯ ತೋಡಿಸಲು ಹೊರಟಾಗ, ರಾಯಚೂರಿನಿಂದ ನೆಲ ತೋಡುವ ಮಷೀನು ಕಳಿಸುವವರು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಬಕೆಟ್ ಹಾಕಿ ಕಳಿಸ್ಲೇನ್ರಿ, ಬ್ರೇಕರ್ ಹಾಕಿ ಕಳಿಸ್ಲಿ?"

ಮಷೀನಿನ ತೋಳಿಗೆ ಇವೆರಡರಲ್ಲಿ ಒಂದನ್ನೇ ಹಾಕಲು ಬರುತ್ತದೆ: ಬಕೆಟ್ ಮಣ್ಣು ಬಗೆಯಲಿಕ್ಕೆ, ಬ್ರೇಕರ್ ಬಂಡೆ ಒಡೆಯಲಿಕ್ಕೆ. ನಮ್ಮ ಮನೆಯವರು ದೇವದುರ್ಗದಲ್ಲಿ ತಮ್ಮ ಅಣ್ಣನ ಮನೆಯ ಪಾಯ ತೋಡುವಾಗ ಪಕ್ಕದಲ್ಲಿ ನಿಂತು ನೋಡಿದವರು. ಅಲ್ಲಿ ಬರೀ ಎರೆಮಣ್ಣು. ಆ ಒಂದು ಅನುಭವದ ಬಲದ ಮೇಲೆ, "ಬಕೆಟ್ ಸಾಕ್ರಿ, ನಮ್ಮ ಜಾಗ ಬೆಣ್ಣಿ ಇದ್ದಂಗ ಅದ" ಎಂದುಬಿಟ್ಟರು.

ಮಷೀನು ನಮಗೆ ಸಿಕ್ಕಿದ್ದು ಒಂದು ದಿನದ ಮಟ್ಟಿಗೆ. ಮರುದಿನ ಅದು ಸಿರವಾರದ ಕಾಲುವೆ ಕೆಲಸಕ್ಕೆ ಹೋಗಬೇಕು. ಹೋದರೆ ಮತ್ತೆ ನಮ್ಮ ಸರದಿ ದೀಪಾವಳಿ ಕಳೆದ ಮೇಲೆ. ನನಗಂತೂ ಜೀವ ಕೈಯಲ್ಲಿತ್ತು. ನಾವಿದ್ದ ಬಾಡಿಗೆ ಮನೆಯಲ್ಲಿ ಅಡುಗೆಮನೆ ಎಂದರೆ ನಡುಮನೆಯ ಒಂದು ಮೂಲೆ. ನಾನು ರೊಟ್ಟಿ ಬಡಿದರೆ ಟೀವಿಯ ಮೇಲೆ ಹಿಟ್ಟು. ಬಾಗಿಲಿರುವ ಒಂದು ಅಡುಗೆಮನೆ ಬೇಕು ಎನ್ನುವುದನ್ನು ಬಿಟ್ಟು ಹೊಸ ಮನೆಯಿಂದ ನಾನು ಬೇರೇನೂ ಕೇಳಿರಲಿಲ್ಲ.

ಬೆಳಿಗ್ಗೆ ಮಷೀನು ಬಂತು. ಆಪರೇಟರ್ ರಾಯಚೂರಿನವರು. ಕಲ್ಲಿಲ್ಲದ ನೆಲವೂ ಇರುತ್ತದೆ ಎಂದರೆ ಆ ಊರಿನವರು ನಂಬುವುದಿಲ್ಲ. ಬೇಡವೆಂದರೂ ಬ್ರೇಕರನ್ನು ಒಂದು ಟ್ರಾಲಿಯಲ್ಲಿ ಹಾಕಿಸಿಕೊಂಡೇ ಬಂದಿದ್ದರು. ಅತ್ತೆ ಪೂಜೆಗೆ ಸಜ್ಜಾಗಿ ನಿಂತಿದ್ದರು. ಬಕೆಟ್ಟಿನ ಹಲ್ಲುಹಲ್ಲಿಗೂ ಅರಿಶಿನ ಕುಂಕುಮ ಹಚ್ಚಿದರು, ಚೆಂಡುಹೂವಿನ ಹಾರ ಹಾಕಿದರು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಕಾಯಿ ಒಡೆದರು.

ಮನೆಯ ಮುಂಭಾಗದ ಗುಂಡಿಗಳು ಸಲೀಸಾಗಿ ಆದವು. ಆ ಎರೆಮಣ್ಣನ್ನು ತಾವೇ ಕಲಸಿಟ್ಟವರಂತೆ ನಮ್ಮವರು ನನ್ನ ಕಡೆ ನೋಡುತ್ತಿದ್ದರು. ಮಷೀನು ಹಿಂದಕ್ಕೆ, ಹೊಸ ಅಡುಗೆಮನೆ ಬರಬೇಕಾದ ಕಡೆಗೆ ಸರಿಯಿತು. ಮೊಣಕಾಲುದ್ದ ಇಳಿದಿತ್ತೋ ಇಲ್ಲವೋ, ಹಲ್ಲು ಕಲ್ಲಿಗೆ ತಾಗಿ ಕರ್ರೆಂದಿತು. ಆಪರೇಟರ್ ಆ ಕಡೆಯಿಂದ, ಈ ಕಡೆಯಿಂದ ಕೆರೆದು ನೋಡಿ ಮಷೀನು ಬಂದ್ ಮಾಡಿದರು.

"ಹಾಸುಬಂಡಿ ಅದ ರೀ. ಬಕೆಟ್ ಬಿಚ್ಚಿ ಬ್ರೇಕರ್ ಹಾಕಬೇಕು."

"ಬಿಚ್ಚೂದಂದ್ರ?" ಅತ್ತೆ ಎದ್ದು ಬಂದರು. "ಪೂಜಿ ಮಾಡಿದ್ದನ್ನ ಕೆಲಸ ಮುಗಿಯೂಕಿಂತ ಮೊದಲಽ ಬಿಚ್ಚತಾರೇನಪಾ? ಮನಿಗಿ ಒಳ್ಳೇದಲ್ಲ."

"ಯವ್ವಾ, ಇದು ಕಲ್ಲು ತಿನ್ನಂಗಿಲ್ಲ."

"ನಿಧಾನಕ್ಕ ತಿನ್ನಲಿ."

ಹೊತ್ತು ಏರುತ್ತಿತ್ತು. ನಮ್ಮವರು ನನ್ನ ಬಳಿ ಬಂದು ಮೆಲ್ಲಗೆ, "ಅಡಗಿಮನಿ ಈ ಕಡೀಗಿ ತಂದ್ರ ಹೆಂಗ? ಇಲ್ಲಿ ಮಣ್ಣು ಮೆತ್ತಗದ" ಎಂದರು.

"ಯಾ ಕಡೀಗಿ?"

"ಇಲ್ಲೇ, ನಡುಮನಿ ಮೂಲ್ಯಾಗ."

"ಈಗ ಎಲ್ಲಿ ಅದ ರೀ ಅದು?"

ಅವರು ಟ್ರಾಲಿಯ ಕಡೆ ಹೋಗಿ ನಿಂತರು. ಅತ್ತೆಯ ಜೊತೆ ವಾದ ಮಾಡಿ ಗೆದ್ದವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ. ಹಾಗಾಗಿ ನಾನು ಅತ್ತೆಯ ಪಕ್ಕದಲ್ಲಿ ನಿಂತು ಕೇಳಿದೆ: "ಅತ್ತಿ, ಮನಿ ಹೆಣ್ಣುಮಗಳು ಗಂಡನ ಊರಿಗಿ ಹೊಂಟ್ರ ನಾವೇನ್ ಮಾಡತೀವಿ?"

"ಉಡಿ ತುಂಬತೀವಿ."

"ಉಡಿ ತುಂಬಿ ಕಳಿಸಿದ್ರ ಮನಿಗಿ ಕೆಟ್ಟೇನು?"

ಅತ್ತೆ ಬಕೆಟ್ಟನ್ನು ನೋಡಿದರು, ನನ್ನನ್ನು ನೋಡಿದರು. "ಅಕ್ಕಿ ತಗೊಂಬಾ" ಎಂದರು.

ಬಾಡಿಗೆ ಮನೆಗೆ ಓಡಿಹೋಗಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಒಂದು ಕುಬಸದ ಖಣ ತಂದೆ. ಆಪರೇಟರ್ ಬಕೆಟ್ಟನ್ನು ನೆಲಕ್ಕೆ ಇಳಿಸಿ, ಬಾಯಿ ಮೇಲೆ ಮಾಡಿ ಹಿಡಿದರು. ಅದೇ ಮಡಿಲೆಂಬಂತೆ ಅತ್ತೆ ಉಡಿ ತುಂಬಿದರು. ಓಣಿಯ ಹೆಣ್ಣುಮಕ್ಕಳೂ ಬಂದು ಒಂದೊಂದು ಹಿಡಿ ಅಕ್ಕಿ ಹಾಕಿದರು. ಒಬ್ಬಾಕೆಯಂತೂ, "ಅಳಿಯ ಎಲ್ಲ್ಯಾನ ಬೇ?" ಎಂದು ಕೇಳಿ ಟ್ರಾಲಿಯಲ್ಲಿ ಮಲಗಿದ್ದ ಬ್ರೇಕರಿನ ಕಡೆ ಕೈ ತೋರಿಸಿದಳು. ಆಮೇಲೆ ಆಪರೇಟರ್ ಮಷೀನನ್ನು ಬೇವಿನ ಮರದ ನೆರಳಿಗೆ ಒಯ್ದು, ಬಕೆಟ್ ಹಿಡಿದಿದ್ದ ಪಿನ್ನು ಬಡಿದು ತೆಗೆದು, ಅರ್ಧ ಹರಿದ ಹಾರದ ಸಮೇತ ಅದನ್ನು ಅಲ್ಲೇ ಬಿಟ್ಟರು.

ಬ್ರೇಕರ್ ಶುರುವಾಯಿತು. ಪಕ್ಕದ ಮನೆಯ ಗೋಡೆಯ ಮಾಡದಲ್ಲಿದ್ದ ತಟ್ಟೆಗಳೆಲ್ಲ ಕುಣಿದವು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಂಡೆ ಚೂರುಚೂರಾಗಿ ಗುಂಡಿಯಲ್ಲಿ ಬಿದ್ದಿತ್ತು. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಆಪರೇಟರ್ ಕೆಳಗಿಳಿದು ತಲೆ ಕೆರೆದುಕೊಂಡರು.

"ಯವ್ವಾ, ಇದು ಒಡೀತದ ಖರೆ, ಎತ್ತಂಗಿಲ್ಲ. ಕಲ್ಲು ತೆಗೀಬೇಕಂದ್ರ ಬಕೆಟ್ಟಽ ಬೇಕು."

ಅತ್ತೆ ಬೇವಿನ ಮರದ ಕಡೆ ತಿರುಗಿದರು. "ಉಡಿ ತುಂಬಿಸ್ಕೊಂಡು ಹೋದಾಕಿ ಅವತ್ತೇ ತಿರಿಗಿ ಬರತಾಳೇನು? ಮಂದಿ ಏನಂದಾರು?"

"ಏನೋ ಮರತು ಹೋಗಿರಬೇಕು, ತಗೊಂಡು ಹೋಗಾಕ ಬಂದಾಳ ಅನ್ರಿ" ಎಂದರು ಆಪರೇಟರ್, ನಗದೆ.

ಅತ್ತೆಗೆ ಆ ಉತ್ತರ ಹಿಡಿಸಿತು. ಆದರೂ ಸುಮ್ಮನೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಉಡಿಯ ಸಾಮಾನೆಲ್ಲ ತೆಗೆದು, "ನಿನ್ನ ಹೆಂಡತಿಗಿ ಕೊಡಪಾ" ಎಂದು ಆಪರೇಟರ್ ಕೈಗೆ ಹಾಕಿದರು. ಬಕೆಟ್ಟಿಗೆ ರೊಟ್ಟಿಚೂರು ನಿವಾಳಿಸಿ ಎಸೆದು, ಹಲ್ಲಿನ ಮೇಲೆ ಒಂದು ತಂಬಿಗೆ ನೀರು ಹಾಕಿದರು. ನಮ್ಮವರೇ ಗ್ರೀಸಿನ ಕೈ ಮಾಡಿಕೊಂಡು ಪಿನ್ನು ಕೂಡಿಸಿದರು. ಬಂಡೆ ಸಿಕ್ಕಾಗಿನಿಂದ ಅವರು ಬೆಣ್ಣೆಯಂಥ ಮಣ್ಣಿನ ಮಾತು ಎತ್ತಿರಲಿಲ್ಲ.

ಹೊತ್ತು ಮುಳುಗುವ ಮೊದಲು ಕಡೆಯ ಗುಂಡಿಯೂ ಖಾಲಿಯಾಯಿತು. ಮಷೀನು ಸಿರವಾರದ ದಾರಿ ಹಿಡಿಯಿತು. ನಾನು ಒಡೆದ ಕಲ್ಲಿನ ಗುಡ್ಡೆ ಹತ್ತಿ, ಒಲೆ ಎಲ್ಲಿ, ಕಿಟಕಿ ಎಲ್ಲಿ, ಬಾಗಿಲು ಎಲ್ಲಿ ಎಂದು ಗಾಳಿಯಲ್ಲಿ ಕೈ ತೋರಿಸುತ್ತ ನಮ್ಮವರಿಗೆ ಹೇಳತೊಡಗಿದೆ. ಅವರು ಎಲ್ಲದಕ್ಕೂ ತಲೆಯಾಡಿಸಿದರು.

"ಇನ್ನ ಕೆಳಗ ಇಳಿ ಯವ್ವಾ" ಎಂದರು ಅತ್ತೆ. "ಹಸಿವಾಗ್ಯಾದ. ಇವತ್ತಿನ ಅಡಗಿ ಆ ಬಾಡಗಿ ಮನ್ಯಾಗಽ ಮಾಡಬೇಕು."