ಹನ್ನೊಂದನೇ ಸ್ವಿಚ್ಚು

ರಾಣೆಬೆನ್ನೂರಿನ ನನ್ನ ಬಾಡಿಗೆ ಮನೆಯಲ್ಲಿ ಎರಡು ಕುರ್ಚಿಗಳಿವೆ. ಒಂದರ ಮೇಲೆ ನಾನು ಕೂರುತ್ತೇನೆ, ಇನ್ನೊಂದರ ಮೇಲೆ ಒಗೆದ ಬಟ್ಟೆ ಕೂತಿರುತ್ತದೆ. ನಲವತ್ತಾರು ವರ್ಷದ ಒಂಟಿ ಹೆಂಗಸಿಗೆ ಇಷ್ಟು ಸಾಕು ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ. ಸುಳ್ಳು. ಸಾಕಾಗುತ್ತಿರಲಿಲ್ಲ.

ನನ್ನ ಕೆಲಸ ಹಾವೇರಿಯ ಹೊರಗಿನ ಒಂದು ಡೇಟಾ ಸೆಂಟರಿನದು. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜುಗಳು, ನಮ್ಮೂರ ಬೀಜದ ಕಂಪನಿಗಳು, ಎಲ್ಲರ ಕಂಪ್ಯೂಟರ್ ಮಾಹಿತಿಯೂ ಅಲ್ಲಿರುತ್ತದೆ. ಅಲ್ಲಿ ಹನ್ನೆರಡು ಸ್ವಿಚ್ಚುಗಳನ್ನು ಬಲೆಯಂತೆ ಹೆಣೆದಿದ್ದಾರೆ. ದೀಪದ ಸ್ವಿಚ್ಚಲ್ಲ, ಮಾಹಿತಿಗೆ ದಾರಿ ತೋರಿಸುವ ಪೆಟ್ಟಿಗೆಗಳು. ಹೊಸ ಗಿರಾಕಿ ಬಂದರೆ ಹನ್ನೆರಡರಲ್ಲೂ ಅವೇ ಆದೇಶದ ಸಾಲುಗಳನ್ನು ಬರೆಯಬೇಕು. ನಾನು ಮನೆಯಿಂದ ಟೈಪ್ ಮಾಡುತ್ತಿದ್ದೆ. ಅಗಡಿಯಿಂದ ದಿನಾ ಬಸ್ಸಿನಲ್ಲಿ ಸೆಂಟರಿಗೆ ಬರುವ ಟೆಕ್ನಿಶಿಯನ್ ಒಬ್ಬರು, ನನಗಿಂತ ಐದಾರು ವರ್ಷ ಹಿರಿಯರು, ಅಲ್ಲಿನ ಪರದೆ ನೋಡಿ ಪ್ರತಿ ಸಾಲನ್ನೂ ಫೋನಿನಲ್ಲಿ ಗಟ್ಟಿಯಾಗಿ ಓದಿ, "ಹೂಂ, ಒತ್ರಿ ಮೇಡಂ" ಅನ್ನುತ್ತಿದ್ದರು. ಆಮೇಲೆಯೇ ನಾನು ಎಂಟರ್ ಒತ್ತುವುದು. ಅದು ನಾವಿಬ್ಬರೇ ಮಾಡಿಕೊಂಡ ಪದ್ಧತಿ. ಕೊನೆಗೆ ಆಫೀಸೂ ಅದನ್ನೇ ನಿಯಮ ಮಾಡಿತು.

ಅಮಾವಾಸ್ಯೆ ದಿನ ಮಾತ್ರ ಅವರು ಯಾವ ಬದಲಾವಣೆಗೂ ಒಪ್ಪುತ್ತಿರಲಿಲ್ಲ. "ಮಷೀನಿಗೇನ್ ಗೊತ್ರಿ ಅಮಾಸಿ?" ಎಂದು ರೇಗಿಸಿದರೆ, "ಅದಕ್ಕ ಗೊತ್ತಿಲ್ರಿ, ನನಗ ಗೊತ್ತೈತಲ್ಲ" ಅನ್ನುತ್ತಿದ್ದರು. ಎರಡು ಸಾಲುಗಳ ನಡುವೆ ಎಮ್ಮೆ ಈದದ್ದು, ಹೆಂಡತಿಯ ಮಂಡಿನೋವು ಎಲ್ಲ ಬರುತ್ತಿತ್ತು. ಎಷ್ಟೋ ದಿನ ನನ್ನ ಕಿವಿಗೆ ಬಿದ್ದ ಮನುಷ್ಯರ ದನಿ ಅದೊಂದೇ.

ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ. ಇದೆಲ್ಲ ತಂತಾನೇ ಆಗುವಂತೆ ಮಾಡಿ ಎಂದು ಮ್ಯಾನೇಜರ್ ಹೇಳಿದರು. ಶಾಭಾಸ್ ಅನ್ನಿಸಿಕೊಳ್ಳುವ ಚಟ ನನಗೆ ಮೊದಲಿನಿಂದಲೂ ಇದೆ. ಎರಡು ತಿಂಗಳು ಕೂತು ಪ್ರೋಗ್ರಾಂ ಬರೆದೆ. ಗಿರಾಕಿಯ ವಿವರ ಒಮ್ಮೆ ತುಂಬಿದರೆ ಸಾಕು, ಅದೇ ಎಲ್ಲ ಸ್ವಿಚ್ಚಿಗೂ ಸಾಲು ಬರೆದು, ತಪ್ಪಿದೆಯೇ ಎಂದು ತಾನೇ ನೋಡಿಕೊಳ್ಳುತ್ತದೆ. ಓದುವವರೂ ಬೇಡ, ಹೂಂ ಅನ್ನುವವರೂ ಬೇಡ. ಮೊದಲ ಸಲ ಓಡಿಸುವ ಮುಂಚೆ ಸ್ವಿಚ್ಚುಗಳ ಪಟ್ಟಿಯನ್ನು ಮತ್ತೆ ತೆರೆದೆ. ಹನ್ನೊಂದನೇ ಸ್ವಿಚ್ಚನ್ನು ಪಟ್ಟಿಯಿಂದ ತೆಗೆದುಬಿಟ್ಟೆ. ಅದು ಹಳೇ ಮಾಡೆಲ್, ಕೈಯಿಂದಲೇ ಮಾಡಬೇಕು ಎಂದು ಮ್ಯಾನೇಜರಿಗೆ ಹೇಳಿದೆ. ಅದಕ್ಕೇನೂ ಆಗಿರಲಿಲ್ಲ. ವಾರಕ್ಕೊಂದು ಫೋನಾದರೂ ಉಳಿಯಲಿ ಎಂಬ ಆಸೆ, ಅಷ್ಟೇ.

ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯ ಹೊಸ ಗಿರಾಕಿಯೊಬ್ಬರನ್ನು ಸೇರಿಸಬೇಕಿತ್ತು. ಹನ್ನೊಂದು ಸ್ವಿಚ್ಚುಗಳ ಕೆಲಸ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯಿತು. ಉಳಿದ ಒಂದಕ್ಕಾಗಿ ಟೆಕ್ನಿಶಿಯನ್ನರಿಗೆ ಫೋನ್ ಮಾಡಿದೆ. ತಮ್ಮ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದ ಸುದ್ದಿಯನ್ನು ಅವರು ಹೇಳುತ್ತಿದ್ದರು. ನಾನು ಕೆದಕಿ ಕೆದಕಿ ಕೇಳುತ್ತಿದ್ದೆ. ನಡುವೆ ಒಂದು ಅಂಕಿ ತಪ್ಪು ಹೊಡೆದೆ. ಅವರೂ ಓದದೆಯೇ "ಹೂಂ, ಒತ್ರಿ" ಅಂದರು. ಒತ್ತಿದೆ. ಪ್ರತಿ ಗಿರಾಕಿಗೂ ಒಂದು ಸಂಖ್ಯೆ ಇರುತ್ತದೆ; ನಾನು ಹೊಡೆದದ್ದು ಹಳೆಯ ಕೋಲ್ಡ್ ಸ್ಟೋರೇಜೊಂದರದ್ದು, ಅವರ ದಾರಿ ಕಡಿದುಹೋಯಿತು. ಮಧ್ಯಾಹ್ನದವರೆಗೆ ಅಲ್ಲಿನ ಕಂಪ್ಯೂಟರಿನಿಂದ ಗೇಟ್ ಪಾಸ್ ಬರಲಿಲ್ಲ. ಚೀಲ ಹೇರಿಕೊಂಡ ಟ್ರ್ಯಾಕ್ಟರುಗಳು ಬಿಸಿಲಲ್ಲಿ ನಿಂತವು.

ಆಫೀಸಿನ ನೋಟಿಸ್ ಬಂದದ್ದು ನನಗಲ್ಲ, ಟೆಕ್ನಿಶಿಯನ್ನರಿಗೆ. ಓದಿ ಒಪ್ಪಿಗೆ ಕೊಟ್ಟವರು ಅವರಲ್ಲವೇ.

"ನಂದ ತಪ್ಪೈತ್ರಿ ಮೇಡಂ, ಮಾತಿನ ಭರದಾಗ ನೋಡ್ಲಿಲ್ಲ. ನೀವು ತಲಿ ಕೆಡಿಸ್ಕೋಬ್ಯಾಡ್ರಿ," ಅಂದರು.

ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ನನ್ನ ಒಂಟಿತನಕ್ಕೆ ಅವರ ನೌಕರಿ ಬಲಿಯಾಗಬೇಕೇ? ಮ್ಯಾನೇಜರಿಗೆ ಫೋನ್ ಮಾಡಿ, ಆ ಸ್ವಿಚ್ಚು ಚೆನ್ನಾಗಿಯೇ ಇದೆ, ನಾನು ಸುಳ್ಳು ಹೇಳಿದ್ದೆ, ಅಂಕಿಯೂ ನನ್ನದೇ ತಪ್ಪು ಎಂದೆ. ಯಾಕೆ ಎಂದು ಕೇಳಿದರು. ಸೋಮಾರಿತನ ಎಂದೆ, ನಿಜ ಹೇಳಲು ನಾಚಿಕೆಯಾಯಿತು. ನೋಟಿಸ್ ನನ್ನ ಹೆಸರಿಗೆ ಬದಲಾಯಿತು. ಅಂದೇ ಹನ್ನೊಂದನೆಯದನ್ನೂ ಪಟ್ಟಿಗೆ ಸೇರಿಸಿದೆ.

ಆಮೇಲೆ ಏನೂ ಕೆಡಲಿಲ್ಲ. ಮೂರು ವಾರ ತಡೆದುಕೊಂಡು ಒಂದು ಸಂಜೆ ನಾನೇ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು.

"ಏನ್ ಕೆಟ್ಟೈತ್ರಿ ಮೇಡಂ?" ದನಿಯಲ್ಲಿ ಗಾಬರಿ.

"ಏನೂ ಕೆಟ್ಟಿಲ್ರಿ."

"ಮತ್ತ?"

ಮಗಳ ಸಂಬಂಧ ಏನಾಯಿತು ಎಂದು ಕೇಳಲು ಬಾಯಿ ತೆರೆದೆ. ಎದುರಿಗೆ ಟೈಪ್ ಮಾಡಲು ಒಂದು ಸಾಲೂ ಇರಲಿಲ್ಲ. ಕೆಲಸವಿಲ್ಲದೆ ಅವರೊಡನೆ ಮಾತಾಡುವುದನ್ನು ಇಷ್ಟು ವರ್ಷಗಳಲ್ಲಿ ನಾನು ಕಲಿತೇ ಇರಲಿಲ್ಲ.

"ಏನಿಲ್ರಿ, ಸ್ವಿಚ್ ಎಲ್ಲಾ ಆರಾಮ ಅದಾವೇನು ಅಂತ ಕೇಳಾಕ ಮಾಡಿದ್ದೆ," ಅಂದೆ.

"ಎಲ್ಲಾ ಆರಾಮ ಅದಾವ್ರಿ," ಅಂದರು. "ಇಡ್ಲೇನ್ರಿ ಮತ್ತ?" ಎಂದು ಕೇಳಿ, ನಾನು ಹೂಂ ಅಂದ ಮೇಲೆ ಫೋನ್ ಇಟ್ಟರು.