ಡ್ರ್ಯಾಗನ್ ಟೈಲರ್

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಮನುಷ್ಯನನ್ನು ಬೀದಿಯವರೆಲ್ಲ ಡ್ರ್ಯಾಗನ್ ಟೈಲರ್ ಎಂದೇ ಕರೆಯುವುದು. ಐವತ್ತು ದಾಟಿದೆ, ಆದರೂ ಅಂಗಡಿಗೆ ಅಳತೆ ಕೊಡಲು ಹೋದವರನ್ನು ಹಿಡಿದು ನಿಲ್ಲಿಸಿ, ಹಾರುವ ಡ್ರ್ಯಾಗನ್‌ಗಳ ಕಾರ್ಟೂನ್ ಕತೆ ಶುರುಮಾಡಿದರೆ ಮುಗಿಯಿತು. "ನಿಮ್ ಸೊಂಟ ಹಾಗಿರ್ಲಿ ಸಾರ್, ಆ ನೀಲಿ ಡ್ರ್ಯಾಗನ್ ರೆಕ್ಕೆ ಮುರ್ಕೊಂಡು ಬಿದ್ದಿದೆಯಲ್ಲ, ಅದಕ್ಕೇನಂತೀರಿ?" ಎನ್ನುತ್ತಾರೆ. ಪ್ಯಾಂಟು ಗಿಡ್ಡವಾದರೂ ಗಿರಾಕಿ ನಗುತ್ತಲೇ ಹೋಗುತ್ತಾನೆ. ಚೂರುಬಟ್ಟೆಯಲ್ಲಿ ಪುಟ್ಟ ಡ್ರ್ಯಾಗನ್ ಹೊಲಿಯುವುದು ಅವರ ಹವ್ಯಾಸ. ಬೀದಿಯ ಬೆಕ್ಕಿಗೂ ರೆಕ್ಕೆ ಕಟ್ಟಲು ಹೋಗಿ ಪರಚಿಸಿಕೊಂಡಿದ್ದಾರೆ. ಇಂಥ ಮಾತಿನಮಲ್ಲ ಮನೆಯ ಹೊಸ್ತಿಲು ದಾಟಿ ಒಳಗೆ ಹೋದರೆ ಮಾತ್ರ ತುಟಿಗೆ ಹೊಲಿಗೆ ಹಾಕಿಕೊಂಡಂತೆ. ದೀಪವನ್ನೂ ಹಾಕದೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅದೇ ಕಾರ್ಟೂನ್ ನೋಡುತ್ತಾರೆ. ನಾವು ಹೋದರೆ ತಾವೇ ಎದ್ದು ಹೊರಗೆ ಬಂದು, ಬಾಗಿಲು ಮುಚ್ಚಿ ಮಾತಾಡಿಸುತ್ತಾರೆ. ಒಳಗೆ ಕರೆಯುವಷ್ಟೂ ಸೌಜನ್ಯವಿಲ್ಲ ಎಂದು ನನ್ನ ಹೆಂಡತಿಗೆ ಸಿಟ್ಟು. ಮೊನ್ನೆ ಅವರ ಮನೆಯ ಪೈಪು ಒಡೆದು ನಮ್ಮ ಮನೆಗೆಲ್ಲ ನೀರು ಸೋರಿದಾಗ ನಾನೇ ಮೇಲೆ ನುಗ್ಗಿ, "ಏನ್ರೀ ಇದು?" ಎಂದು ಕೂಗಿದೆ. ಅವರು ಓಡಿಬಂದು ನನ್ನ ಬಾಯಿ ಮುಚ್ಚಿದರು. ಮೂಲೆಯ ಪಂಜರ ತೋರಿಸಿ, "ಮೆಲ್ಲಗೆ ಸಾರ್. ಗಿಣಿ ಹೊಸ ಮಾತು ಕಲಿತ್ರೆ ಹಳೇದು ಮರ್ತುಬಿಡುತ್ತೆ," ಎಂದು ಪಿಸುಗುಟ್ಟಿದರು. ಗಿಣಿ ಕತ್ತು ಕೊಂಕಿಸಿ ನೋಡಿತು. ಆಮೇಲೆ, ಆ ಮನೆಯಲ್ಲಿ ನಾವು ಎಂದೂ ಕಾಣದ ಪುಟ್ಟ ಹುಡುಗಿಯೊಬ್ಬಳ ದನಿಯಲ್ಲಿ, "ಅಪ್ಪಾ, ಇನ್ನೊಂದೇ ಒಂದು ಡ್ರ್ಯಾಗನ್ ನೋಡಿ ಮಲಗೋಣ," ಎಂದಿತು. ಟೈಲರ್ ತುಟಿ ಬಿಚ್ಚದೆ, ಆಗಲಿ ಎಂಬಂತೆ ತಲೆಯಾಡಿಸಿದರು.