ಚೆಕ್ಕಿಂಗ್ ಮಾಮನ ಗಾಡಿಗೆ ಹಾಕಿಸಿದ ಸ್ಪ್ರಿಂಗು

ಗೋದಾಮಿನ ಗೇಟಿನಲ್ಲಿ ನಿಂತು, ಒಳಗೆ ಬರುವ ಮೂಟೆಗಳನ್ನು ಒತ್ತಿ ನೋಡುವುದು ಚೆಕ್ಕಿಂಗ್ ಮಾಮನ ಕೆಲಸ. ಹೆಬ್ಬೆರಳು ಒಳಗೆ ಹೋಯಿತೋ, ಮೂಟೆಯಲ್ಲಿ ಮಾಲು ಕಡಿಮೆ. ಹೋಗಲಿಲ್ಲವೋ, ಲಾರಿ ಒಳಗೆ ಬರಬಹುದು. ಇದನ್ನೇ ಮಾಡಿ ಮಾಡಿ ಅವರಿಗೆ ಲೋಕದ ಮೇಲೆಲ್ಲ ಅನುಮಾನ ಹತ್ತಿಬಿಟ್ಟಿತ್ತು. ಬ್ರೆಡ್ಡು ಕೊಂಡರೂ ಒತ್ತಬೇಕು, ದಿಂಬು ಕೊಂಡರೂ ಒತ್ತಬೇಕು. ದಾರಿಯಲ್ಲಿ ಯಾರಾದರೂ ಸುಮ್ಮನೆ ನಕ್ಕರೆ, "ಅವನ್ಯಾಕೆ ನಕ್ಕ?" ಅಂತ ಮನೆಗೆ ಬಂದು ಹೆಂಡತಿಯನ್ನು ವಿಚಾರಿಸಬೇಕು.

"ನಿಮ್ಮ ಮುಖ ನೋಡಿ ನಕ್ಕಿರ್ತಾನೆ, ಬಿಡ್ರೀ," ಎನ್ನುತ್ತಿದ್ದಳು ಆಕೆ.

ಆ ಹೆಂಡತಿಯೇ ಒಂದು ದಿನ ಅಟ್ಟದ ಮೇಲಿನ ಪಾತ್ರೆ ಇಳಿಸಲು ಹೋಗಿ ಸ್ಟೂಲಿನಿಂದ ಬಿದ್ದಳು. ಬೆನ್ನುಮೂಳೆಯ ಡಿಸ್ಕು ಜರುಗಿತು. ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿ ಸೊಂಟದ ವ್ಯಾಯಾಮ ಮಾಡಿಸಬೇಕು. ಆಸ್ಪತ್ರೆಯೋ ಊರಿನ ಆ ಕೊನೆಯಲ್ಲಿ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಪ್ರತಿಸಲ ಆಟೋ ಹಿಡಿಯುವ ಅನುಕೂಲವಿಲ್ಲ. ಉಳಿದದ್ದು ಮಾಮನ ಮುದಿ ಮೋಟಾರ್‌ಸೈಕಲ್ಲು. ಅದರ ಹಿಂದಿನ ಎರಡೂ ಶಾಕ್ ಅಬ್ಸಾರ್ಬರುಗಳು ಎಣ್ಣೆ ಸೋರಿ ಸತ್ತು ಎಷ್ಟೋ ಕಾಲವಾಗಿತ್ತು. ಗುಂಡಿಗೆ ಇಳಿದಾಗಲೆಲ್ಲ ಏಟು ನೇರವಾಗಿ ಆಕೆಯ ಸೊಂಟಕ್ಕೇ. ಹಿಂದೆ ಕೂತು ದಾರಿಯುದ್ದಕ್ಕೂ ವಟವಟ ಎನ್ನುತ್ತಿದ್ದವಳು ಈಗ ಗಂಡನ ಅಂಗಿ ಬಿಗಿಯಾಗಿ ಹಿಡಿದು ತುಟಿ ಕಚ್ಚಿಕೊಂಡು ಬರುತ್ತಿದ್ದಳು.

ಇಂಥ ಹೊತ್ತಿಗೆ ಭಾಮೈದನ ಫೋನು ಬಂತು. ಅವನ ಮನೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ. "ಅಕ್ಕನ್ನ ಇಲ್ಲಿಗೆ ಕಳಿಸಿ ಭಾವ. ಪೂರ್ತಿ ವಾಸಿ ಆಗೋವರೆಗೂ ನಮ್ಮನೇಲೇ ಇರ್ಲಿ. ಈ ತಿಂಗಳು ಮುಗೀಲಿ, ನಾನೇ ಬಂದು ಕರ್ಕೊಂಡು ಹೋಗ್ತೀನಿ."

ಮಾಮನ ಕಿವಿ ನಿಮಿರಿತು. ಇದ್ದಕ್ಕಿದ್ದ ಹಾಗೆ ಇವನಿಗೆ ಅಕ್ಕನ ಮೇಲೆ ಇಷ್ಟು ಪ್ರೀತಿ ಎಲ್ಲಿಂದ ಉಕ್ಕಿತು? ಇವಳೇ ಹೇಳಿಕೊಟ್ಟಳೋ? ಸೊಂಟ ನಿಜವಾಗಿ ಅಷ್ಟೊಂದು ನೋಯುತ್ತಿದೆಯೋ, ಅಥವಾ ನನ್ನ ಜೊತೆ ಏಗಿ ಏಗಿ ಸಾಕಾಗಿದೆಯೋ? ಹೊರಗೆ ಬುಸುಗುಟ್ಟಿದರೂ ಒಳಗೆ ಅವರಿಗೆ ಭಯವೇ ಆಗಿತ್ತು. ಆಕೆಯಿಲ್ಲದ ಮನೆಯಲ್ಲಿ ಒಂದು ರಾತ್ರಿಯೂ ಮಲಗಿದವರಲ್ಲ ಅವರು. ಗಾಡಿ ಸರಿಹೋದರೆ ಭಾಮೈದನ ಬಾಯಿ ಮುಚ್ಚುತ್ತದೆ ಎಂದುಕೊಂಡು ಮೆಕ್ಯಾನಿಕ್‌ನ ಅಂಗಡಿಗೆ ಹೋದರು.

"ಹೊಸ ಜೋಡಿ ಯಾಕಣ್ಣ, ದಂಡ," ಎಂದ ಮೆಕ್ಯಾನಿಕ್. "ಆಕ್ಸಿಡೆಂಟ್ ಆದ ಗಾಡೀದು ಒಂದು ಜೋಡಿ ಇದೆ. ಮುಂದೆ ಮಾತ್ರ ಜಜ್ಜಿಹೋಗಿದ್ದು, ಹಿಂದೆ ಒಂದು ಗೀರೂ ಇಲ್ಲ. ನಿಮ್ಮ ಗಾಡಿಯ ಮುಂದಿನ ಫೋರ್ಕಿಗೆ ಸೀಲು ಬದಲಾಯಿಸಿ ಎಣ್ಣೆ ಹಾಕಿದ್ರೆ ಸಾಕು. ಅಕ್ಕ ಹಾಯಾಗಿ ಕೂತ್ಕೋತಾರೆ."

ಅಗ್ಗಕ್ಕೆ ಸಿಗುತ್ತದೆ ಎಂದ ಕೂಡಲೇ ಮಾಮನಿಗೆ ಅನುಮಾನ. ಕೆಲಸ ಮುಗಿಯುವ ತನಕ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತರು. ಕುಡಿಯಲು ಚಹಾ ಬಂದರೆ ಲೋಟ ಮುಟ್ಟಲಿಲ್ಲ. ಲೋಟ ನೋಡುವಷ್ಟರಲ್ಲಿ ನಟ್ಟು ಬದಲಾಯಿಸಿಬಿಟ್ಟರೆ? ಎಲ್ಲ ಮುಗಿದ ಮೇಲೆ ಎದ್ದು ಬಂದು ಸೀಟನ್ನು ಎರಡೂ ಕೈಯಿಂದ ಒತ್ತಿದರು. ಸೀಟು ಮೆತ್ತಗೆ ಕೆಳಗಿಳಿದು ಮೆತ್ತಗೆ ಮೇಲೆ ಬಂತು.

"ಏನಯ್ಯಾ ಇದು, ಒತ್ತಿದ್ರೆ ಕುಗ್ಗುತ್ತೆ!"

"ಕುಗ್ಗೋದೇ ಅದರ ಕೆಲಸ ಅಣ್ಣ! ನೀವಿಬ್ರೂ ಹಗೂರ ಇದ್ದೀರಿ, ಅದಕ್ಕೇ ರಿಂಗನ್ನ ಕೆಳಗಿನ ಮೆಟ್ಟಿಲಲ್ಲಿ ಇಟ್ಟಿದ್ದೀನಿ. ಅದನ್ನ ಮುಟ್ಟೋಕೆ ಹೋಗ್ಬೇಡಿ."

ಮುಟ್ಟಬೇಡ ಎಂದ ಮೇಲೆ ಮುಗಿಯಿತಲ್ಲ! ಅಲ್ಲೇ ಏನೋ ಇದೆ. ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಒಂದು ರಿಂಗು ಇರುತ್ತದೆ. ಮೇಲಿನ ಮೆಟ್ಟಿಲಿಗೆ ತಿರುಗಿಸಿದಷ್ಟೂ ಸ್ಪ್ರಿಂಗು ಬಿಗಿ. ಮಾಮ ಮನೆಗೆ ಬಂದವರೇ ಗಾಡಿಯ ಟೂಲ್‌ಕಿಟ್ಟಿನಲ್ಲಿದ್ದ ಕೊಕ್ಕೆ ಪಾನಾ ಹಾಕಿ, ಉಸಿರು ಕಟ್ಟಿ, ಎರಡೂ ರಿಂಗುಗಳನ್ನು ತುತ್ತತುದಿಯ ಮೆಟ್ಟಿಲಿಗೆ ಏರಿಸಿದರು. ಈಗ ಒತ್ತಿದರೆ ಸೀಟು ಜಪ್ಪಯ್ಯ ಅಂದರೂ ಅಲುಗಲಿಲ್ಲ. "ಹಾಂ, ಈಗ ಮಾಲು ತುಂಬಿತು," ಎಂದು ಮೀಸೆ ತಿರುವಿದರು.

ಮರುದಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೆಂಡತಿಯ ಕಣ್ಣಲ್ಲಿ ನೀರು. "ರೀ, ಗಾಡಿ ಮೊದಲಿಗಿಂತ ಗಟ್ಟಿ ಆಗಿದೆ. ನನ್ನ ಕೈಲಿ ಆಗಲ್ಲ."

"ಯಾಕೆ ಆಗಲ್ಲ ಅಂತೀಯ ಅಂತ ಎಲ್ಲಾ ಗೊತ್ತು ನಂಗೆ. ತಮ್ಮನ ಮನೆಗೆ ಹೋಗೋಕೆ ನೆಪ ಬೇಕು ನಿಂಗೆ," ಎಂದುಬಿಟ್ಟರು. ಆಕೆ ಕಣ್ಣೊರೆಸಿಕೊಂಡು ಒಳಗೆ ಹೋದಳು. ಹಿಂದಿರುಗುವಾಗ ಮಾತಿಲ್ಲ. ಆ ಮೌನವನ್ನೂ ಮಾಮ ಅನುಮಾನದಿಂದಲೇ ನೋಡಿದರು.

ಆಶ್ಚರ್ಯವೆಂದರೆ, ಮುಂದಿನ ಸಲ ಗಾಡಿ ಹೂವಿನ ಹಾಗೆ ತೇಲಿತು. ಹೆಂಡತಿ ದಾರಿಯಲ್ಲಿ ಎರಡು ಮಾತೂ ಆಡಿದಳು. ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರು; ಮಾಮ ಗಾಡಿ ನಿಲ್ಲಿಸಿ ಬಗ್ಗಿ ನೋಡಿದರು. ರಿಂಗುಗಳು ಕೆಳಗಿನ ಮೆಟ್ಟಿಲಿಗೆ ಇಳಿದು ಕೂತಿದ್ದವು! ಯಾರೋ ಕೈ ಹಾಕಿದ್ದಾರೆ. ಗೋದಾಮಿನ ಮುಂದೆ ನಿಲ್ಲಿಸಿದಾಗ ಆ ಮೆಕ್ಯಾನಿಕ್ಕೇ ಬಂದು ಇಳಿಸಿ ಹೋದನೋ, ಎದುರುಮನೆಯವನ ಹೊಟ್ಟೆಕಿಚ್ಚೋ? ಹಲ್ಲು ಕಡಿದು ಮತ್ತೆ ಮೇಲೇರಿಸಿದರು. ಮತ್ತೆ ಇಳಿಯಿತು. ಏರಿಸಿದರು. ಇಳಿಯಿತು. ಮಾಮನಿಗೆ ಊಟ ರುಚಿಸದೆ ಹೋಯಿತು.

ಕೊನೆಗೆ ಒಂದು ಬೆಳಿಗ್ಗೆ, ಕೆಲಸಕ್ಕೆ ಬೇಗ ಹೋಗಬೇಕು, ಬಸ್ಸಿನಲ್ಲೇ ಹೋಗುತ್ತೇನೆ ಎಂದು ಸುಳ್ಳು ಹೇಳಿ ಹೊರಟರು. ಬೀದಿ ಸುತ್ತಿ ಬಂದು ಕಾಂಪೌಂಡಿನ ಆಚೆ, ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತರು. ಇವತ್ತು ಕಳ್ಳನನ್ನು ಹಿಡಿದು ನಾಲ್ಕು ಬಿಗಿಯಬೇಕು ಎಂದು ಅಂಗಿಯ ತೋಳು ಮಡಿಸಿಕೊಂಡರು.

ಬಾಗಿಲು ತೆರೆಯಿತು. ಬಂದವಳು ಹೆಂಡತಿ. ಒಂದು ಕೈಯಲ್ಲಿ ಕೊಕ್ಕೆ ಪಾನಾ, ಇನ್ನೊಂದರಲ್ಲಿ ಮಡಿಸಿದ ಗೋಣಿಚೀಲ. ಚೀಲ ಹಾಸಿ, ಗಾಡಿಯ ಸೀಟು ಹಿಡಿದುಕೊಂಡು, "ಅಮ್ಮಾ" ಎನ್ನುತ್ತ ಇಷ್ಟಿಷ್ಟೇ ಕೆಳಗೆ ಜಾರಿ ಕೂತಳು. ರಿಂಗಿಗೆ ಪಾನಾ ಸಿಕ್ಕಿಸಿ ಎಳೆದಳು. ಅದು ಕಟ್ ಎಂದು ಇಳಿಯಿತು. ಆಕೆ ನೋವಿನಿಂದ ಮುಖ ಕಿವುಚಿದಳು.

ಮಾಮ ಮಡಿಸಿದ ತೋಳನ್ನು ಇಳಿಸಿಕೊಂಡರು. ಆದರೂ ಬಾಯಿ ಸುಮ್ಮನಿರಬೇಕಲ್ಲ? "ನೀನಾ!" ಎಂದು ಗೇಟು ತಳ್ಳಿಕೊಂಡು ಬಂದರು. "ಯಾರು ಹೇಳಿಕೊಟ್ರು ನಿಂಗೆ ಇದನ್ನ?"

"ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಕೇಳಿದೆ," ಎಂದಳು ಆಕೆ ತಲೆಯೆತ್ತದೆ. "ಏರಿಸೋದು ಕಷ್ಟ, ಇಳಿಸೋದು ಸುಲಭ ಅಂದ. ನೀವು ಸ್ನಾನಕ್ಕೆ ಹೋದಾಗ ಇಳಿಸಿಬಿಡ್ತಿದ್ದೆ."

"ನನ್ನ ಹತ್ರ ಒಂದು ಮಾತು ಹೇಳೋಕೇನಾಗಿತ್ತು?"

"ಮೊದಲ ದಿನಾನೇ ಹೇಳಿದ್ನಲ್ರೀ, ಗಟ್ಟಿ ಆಗಿದೆ ಅಂತ. ನೆಪ ಅಂದ್ರಿ."

ಮಾಮ ತಲೆ ಕೆರೆದುಕೊಂಡರು. ಆದರೂ ಹುಟ್ಟುಗುಣ ಬಿಡಬೇಕಲ್ಲ, ಒಂದು ಸಣ್ಣ ಅನುಮಾನ ಗಂಟಲಲ್ಲೇ ಇತ್ತು. "ಮತ್ತೆ... ತಮ್ಮನ ಮನೆಗೆ?"

ಆಕೆ ಪಾನಾ ಕೆಳಗಿಟ್ಟಳು. "ಹೋಗೋ ಮನಸ್ಸಿದ್ದಿದ್ರೆ, ಈ ಸೊಂಟ ಇಟ್ಕೊಂಡು ನೆಲದ ಮೇಲೆ ಕೂತು ನಿಮ್ಮ ಗಾಡಿ ರಿಪೇರಿ ಮಾಡ್ತಾ ಇರ್ತಿದ್ನಾ? ಗಟ್ಟಿ ಗಾಡೀನೇ ಇರ್ಲಿ ಅಂತ ಸುಮ್ನೆ ಇದ್ದಿದ್ರೆ ಆಗ್ತಿತ್ತು. ಅವನು ಬಂದು ಕರ್ಕೊಂಡು ಹೋಗ್ತಿದ್ದ."

ಮಾಮ ನಿಂತಲ್ಲೇ ನಿಂತರು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ತೋಚಲಿಲ್ಲ.

"ಏನು ನೋಡ್ತಾ ನಿಂತ್ರಿ? ಎಬ್ಬಿಸಿ," ಎಂದಳು ಆಕೆ, ಕೈ ಚಾಚಿ. "ಇಷ್ಟು ದಿನ ಹೆಂಗೋ ನಾನೇ ಏಳ್ತಿದ್ದೆ. ಇವತ್ತು ಆಗ್ತಿಲ್ಲ."